ಠಾಣೆಯ ಮೆಟ್ಟಿಲು ಹತ್ತದ ಅಪರಾಧಗಳು

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ (ಎನ್‌ಸಿಆರ್‌ಬಿ) ತನ್ನ ವಾರ್ಷಿಕ ವರದಿಯನ್ನು ಹೊರತಂದ ಮರುದಿನ ಪತ್ರಿಕೆಗಳ ಮುಖಪುಟದಲ್ಲಿ ಒಂದೇ ಬಗೆಯ ತಲೆಬರಹ ಕಾಣುತ್ತದೆ: ಅಪರಾಧ ಇಷ್ಟು ಶೇಕಡಾ ಏರಿತು, ಅಥವಾ ಇಷ್ಟು ಶೇಕಡಾ ಇಳಿಯಿತು. 2021ರಲ್ಲಿ ದೇಶದಾದ್ಯಂತ 60,96,310 ಪ್ರಕರಣಗಳು ದಾಖಲಾಗಿದ್ದವು. 2022ರಲ್ಲಿ ಅದು 58,24,946ಕ್ಕೆ ಇಳಿಯಿತು. 2023ರಲ್ಲಿ ಮತ್ತೆ 62,41,569ಕ್ಕೆ ಏರಿತು. ಇಳಿದ ವರ್ಷ ಆಡಳಿತ ಪಕ್ಷದವರು ಬೆನ್ನು ತಟ್ಟಿಕೊಳ್ಳುತ್ತಾರೆ, ಏರಿದ ವರ್ಷ ವಿರೋಧ ಪಕ್ಷದವರು ಸದನದ ಬಾವಿಗಿಳಿಯುತ್ತಾರೆ. ದೇಶದಲ್ಲಿ ಎಷ್ಟು ಅಪರಾಧ ನಡೆಯಿತು ಎಂಬುದನ್ನು ಆ ಸಂಖ್ಯೆ ಹೇಳುತ್ತದೆ ಎಂದು ಇಬ್ಬರೂ ನಂಬಿದ್ದಾರೆ. ಆದರೆ ಅದು ಹೇಳುವುದು ಪೊಲೀಸರು ಎಷ್ಟು ಪ್ರಕರಣ ದಾಖಲಿಸಿದರು ಎಂಬುದನ್ನು ಮಾತ್ರ. ಅಪರಾಧ ಹೆಚ್ಚುವುದೂ ಪೊಲೀಸರ ನೋಂದಣಿ ಹೆಚ್ಚುವುದೂ ಒಂದೇ ಅಲ್ಲ, ಎರಡನ್ನೂ ಬೆರೆಸಿ ಓದಬೇಡಿ ಎಂದು ಬ್ಯೂರೊ ತನ್ನ ವರದಿಯಲ್ಲೇ ಎಚ್ಚರಿಸುತ್ತದೆ. ಆ ಎಚ್ಚರಿಕೆಯನ್ನು ನಾವು ಗಂಭೀರವಾಗಿ ತೆಗೆದುಕೊಂಡದ್ದೇ ಇಲ್ಲ.

ಒಬ್ಬರ ನೋವು ರಾಷ್ಟ್ರೀಯ ಅಂಕಿಯಾಗುವ ಮುನ್ನ ಎಷ್ಟು ಹೊಸ್ತಿಲು ದಾಟಬೇಕು ನೋಡಿ. ಮೊದಲು, ತನಗಾದದ್ದು ಅಪರಾಧ ಎಂದು ನೊಂದವರಿಗೇ ಅನ್ನಿಸಬೇಕು. ಪೊಲೀಸು, ಕೋರ್ಟು ಎಂದರೆ ಮರ್ಯಾದಸ್ಥರು ಹತ್ತುವ ಮೆಟ್ಟಿಲಲ್ಲ ಎಂಬ ಮನೆಯವರ ಮಾತನ್ನು ಮೀರಬೇಕು. ಒಂದು ದಿನದ ಕೂಲಿ ಬಿಟ್ಟು ಠಾಣೆಗೆ ಹೋಗಬೇಕು. ಅಲ್ಲಿ ‘ಇದು ನಮ್ಮ ಸರಹದ್ದಲ್ಲ’, ‘ಮಾತಾಡಿ ಬಗೆಹರಿಸಿಕೊಳ್ಳಿ’, ‘ಕದ್ದಿದ್ದಾರೆ ಅನ್ನಬೇಡಿ, ಕಳೆದುಹೋಗಿದೆ ಅಂತ ಬರೆದುಕೊಡಿ’ ಎಂಬ ಮಾತುಗಳನ್ನು ದಾಟಬೇಕು. ಕೊಟ್ಟ ಅರ್ಜಿಗೆ ಬರಿಯ ಸ್ವೀಕೃತಿ ಚೀಟಿ ಸಿಕ್ಕರೆ ಸಾಲದು, ಎಫ್‌ಐಆರ್ ಆಗಬೇಕು. ಆದ ಮೇಲೂ ಯಾವ ಕಲಮಿನಡಿ ಆಯಿತು ಎಂಬುದು ಮುಖ್ಯ. ಒಂದು ಪ್ರಕರಣದಲ್ಲಿ ಹಲವು ಅಪರಾಧಗಳಿದ್ದರೆ ಬ್ಯೂರೊ ಅತ್ಯಂತ ಗಂಭೀರವಾದ ಒಂದನ್ನು ಮಾತ್ರ ಎಣಿಸುತ್ತದೆ. ಅತ್ಯಾಚಾರ ಎಸಗಿ ಕೊಂದರೆ ಅದು ಕೊಲೆಯ ಖಾತೆಗೆ ಹೋಗುತ್ತದೆಯೇ ಹೊರತು ಅತ್ಯಾಚಾರದ ಖಾತೆಗಲ್ಲ. ದೂರನ್ನು ದಾಖಲಿಸದೆ ಅಮುಕಿಬಿಡುವುದಕ್ಕೆ ಪೊಲೀಸ್ ಇಲಾಖೆಯಲ್ಲೇ ‘ಬರ್ಕಿಂಗ್’ ಎಂಬ ಹಳೆಯ ಪದ ಚಾಲ್ತಿಯಲ್ಲಿದೆ. ಧರ್ಮವೀರ ಅವರ ಅಧ್ಯಕ್ಷತೆಯ ರಾಷ್ಟ್ರೀಯ ಪೊಲೀಸ್ ಆಯೋಗ ನಾಲ್ಕು ದಶಕಗಳ ಹಿಂದೆಯೇ ಈ ರೋಗವನ್ನು ಗುರುತಿಸಿತ್ತು. ಸಂಜ್ಞೇಯ ಅಪರಾಧದ ಮಾಹಿತಿ ಬಂದರೆ ಎಫ್‌ಐಆರ್ ದಾಖಲಿಸುವುದು ಕಡ್ಡಾಯ ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2013ರ ನವೆಂಬರಿನಲ್ಲಿ ಲಲಿತಾ ಕುಮಾರಿ ಪ್ರಕರಣದಲ್ಲಿ ಸಾರಬೇಕಾಯಿತು ಎಂದರೆ, ಅಲ್ಲಿಯವರೆಗಿನ ರೂಢಿ ಏನಿತ್ತು ಎಂಬುದು ಊಹೆಗೆ ನಿಲುಕುತ್ತದೆ.

ಹೀಗೆ ಹುಟ್ಟುವ ಸಂಖ್ಯೆ ಅಪರಾಧವನ್ನು ಬಿಟ್ಟು ಬೇರೆ ಎಷ್ಟೋ ಕಾರಣಗಳಿಗೆ ಏರಿಳಿಯುತ್ತದೆ. 2020ನ್ನೇ ನೋಡಿ. ದೇಶ ತಿಂಗಳುಗಟ್ಟಲೆ ಬಾಗಿಲು ಹಾಕಿಕೊಂಡು ಮನೆಯೊಳಗಿದ್ದ ವರ್ಷ ಅದು. ಆ ವರ್ಷವೇ ದಾಖಲಾದ ಅಪರಾಧ 51.6 ಲಕ್ಷದಿಂದ 66 ಲಕ್ಷಕ್ಕೆ ಜಿಗಿಯಿತು. ಸರ್ಕಾರಿ ಆದೇಶ ಉಲ್ಲಂಘನೆಗೆ ಹಾಕುತ್ತಿದ್ದ, ಭಾರತೀಯ ದಂಡ ಸಂಹಿತೆಯ (ಐಪಿಸಿ) 188ನೇ ಕಲಮಿನ ಪ್ರಕರಣಗಳು 2019ರಲ್ಲಿ 29,469 ಇದ್ದವು, 2020ರಲ್ಲಿ 6,12,179 ಆದವು. ಅಂದರೆ ಏರಿಕೆಯ ದೊಡ್ಡ ಪಾಲು ಲಾಕ್‌ಡೌನ್ ಮುರಿದವರ ಮೇಲೆ ಹಾಕಿದ ಕೇಸುಗಳದ್ದು. ಅದೇ ವರ್ಷ ಅತ್ಯಾಚಾರದ ದಾಖಲೆ 32 ಸಾವಿರದ ಆಸುಪಾಸಿನಿಂದ 28,046ಕ್ಕೆ ಇಳಿಯಿತು. ಹೊರಗೆ ಕಾಲಿಡಲಾಗದ ಹೆಣ್ಣುಮಕ್ಕಳು ಠಾಣೆ ತಲುಪುವುದು ಎಷ್ಟು ಕಷ್ಟವಾಗಿತ್ತು ಎಂಬುದನ್ನು ನೆನೆದರೆ, ಈ ಇಳಿಕೆಯನ್ನು ಸುರಕ್ಷತೆಯ ಗುರುತೆಂದು ನಂಬಲು ಮನಸ್ಸು ಬಾರದು. ಇದಕ್ಕೆ ತದ್ವಿರುದ್ಧವಾದ ಚಿತ್ರ ದೆಹಲಿಯದ್ದು. 2012ರಲ್ಲಿ ಅಲ್ಲಿ 706 ಅತ್ಯಾಚಾರ ಪ್ರಕರಣ ದಾಖಲಾಗಿದ್ದರೆ 2013ರಲ್ಲಿ 1,636 ದಾಖಲಾದವು. ಒಂದೇ ವರ್ಷದಲ್ಲಿ ಊರಿನ ಗಂಡಸರು ಎರಡು ಪಟ್ಟು ಕೆಟ್ಟವರಾದರೆ? ಆದದ್ದು ಬೇರೆ. 2012ರ ಡಿಸೆಂಬರಿನಲ್ಲಿ ಚಲಿಸುವ ಬಸ್ಸಿನಲ್ಲಿ ನಡೆದ ಸಾಮೂಹಿಕ ಅತ್ಯಾಚಾರದ ಆ ಘೋರ ಕೃತ್ಯದ ನಂತರ ಜನ ಬೀದಿಗಿಳಿದರು. ಕಾನೂನು ಬದಲಾಗಿ ಅತ್ಯಾಚಾರದ ವ್ಯಾಖ್ಯೆ ವಿಸ್ತಾರವಾಯಿತು. ಲೈಂಗಿಕ ದೌರ್ಜನ್ಯದ ದೂರು ದಾಖಲಿಸದ ಅಧಿಕಾರಿಗೆ ಜೈಲು ಶಿಕ್ಷೆ ವಿಧಿಸುವ ಕಲಮು ಬಂತು. ಬಾಯಿ ಕಟ್ಟಿದ್ದವರು ಬಾಯಿ ಬಿಟ್ಟರು, ಪೊಲೀಸರು ಬರೆದುಕೊಂಡರು.

ಹಾಗಾದರೆ ನಂಬಬಹುದಾದ ಅಳತೆಗೋಲೇ ಇಲ್ಲವೆ? ಒಂದಿದೆ, ಅದು ಕೊಲೆ. ಹೆಣವನ್ನು ಮುಚ್ಚಿಡುವುದು ಸುಲಭವಲ್ಲ. ಹಾಗಾಗಿ ಠಾಣೆಯ ಮನಸ್ಸು ಮಾಡಬಹುದಾದ ಏರುಪೇರು ಕೊಲೆಯ ಅಂಕಿಯಲ್ಲಿ ಕಡಿಮೆ. 1953ರಲ್ಲಿ, ಈ ವಾರ್ಷಿಕ ಲೆಕ್ಕ ಶುರುವಾದಾಗ, ದೇಶದಲ್ಲಿ 9,802 ಕೊಲೆಗಳು ದಾಖಲಾಗಿದ್ದವು. 1990ರ ದಶಕದ ಆರಂಭದಲ್ಲಿ ಅದು 40,000ದ ಹತ್ತಿರಕ್ಕೆ ಹೋಯಿತು. 1992ರಲ್ಲಿ ಲಕ್ಷ ಜನಕ್ಕೆ 4.6 ಕೊಲೆಗಳಾಗಿದ್ದವು. ಅಲ್ಲಿಂದ ಇಳಿಮುಖ. 2022ರಲ್ಲಿ 28,522 ಮತ್ತು 2023ರಲ್ಲಿ 27,721 ಕೊಲೆಗಳಾದವು. ಜನಸಂಖ್ಯೆಗೆ ಹೋಲಿಸಿದರೆ ಲಕ್ಷಕ್ಕೆ ಸುಮಾರು ಎರಡು. ಮೂರು ದಶಕಗಳಲ್ಲಿ ಕೊಲೆಯ ಪ್ರಮಾಣ ಅರ್ಧಕ್ಕೂ ಕೆಳಗಿಳಿದಿದೆ. ಟಿವಿ ಪರದೆಯ ಮುಂದೆ ಕೂತವರಿಗೆ ಇದು ನಂಬಲಾಗದ ಸಂಗತಿ ಎನ್ನಿಸಬಹುದು, ಆದರೂ ನಿಜ. ಇದೇ ಮೂವತ್ತು ವರ್ಷಗಳಲ್ಲಿ ದಾಖಲಾದ ಒಟ್ಟು ಅಪರಾಧ ನಡುನಡುವೆ ಇಳಿದರೂ ಒಟ್ಟಾರೆ ಏರಿದೆ. ಒಂದು ಸಮಾಜ ಕಡಿಮೆ ಕೊಲ್ಲುತ್ತಾ ಹೆಚ್ಚು ಕದಿಯುವುದು, ಹೆಚ್ಚು ಹೊಡೆಯುವುದು ಅಸಾಧ್ಯವೇನಲ್ಲ. ಆದರೆ ಇವೆರಡರ ನಡುವಿನ ಅಂತರದಲ್ಲಿ ಎಷ್ಟು ಪಾಲು ಹೆಚ್ಚಿದ ಅಪರಾಧದ್ದು, ಎಷ್ಟು ಪಾಲು ಹೆಚ್ಚಿದ ದಾಖಲೆಯದ್ದು ಎಂದು ಬಿಡಿಸಿ ಹೇಳುವ ಸಾಧನ ನಮ್ಮ ಕೈಯಲ್ಲಿಲ್ಲ. ಕೊಲೆಯ ಲೆಕ್ಕವೂ ಪೂರ್ತಿ ಶುದ್ಧವಲ್ಲ. ವರ್ಷಕ್ಕೆ ಆರು ಸಾವಿರಕ್ಕೂ ಮೀರಿದ ವರದಕ್ಷಿಣೆ ಸಾವುಗಳು ಬೇರೆಯೇ ಖಾತೆಯಲ್ಲಿವೆ. ಅಸಹಜ ಸಾವೆಂದು ಬರೆದು ಮುಗಿಸಿದ ಕಡತಗಳ ಒಳಗೆ ಏನಿದೆಯೋ ಯಾರೂ ತೆರೆದು ನೋಡಿಲ್ಲ.

ದಾಖಲೆ ಹೆಚ್ಚುವುದು ಒಳ್ಳೆಯ ಸುದ್ದಿಯೂ ಆಗಬಹುದು ಎಂಬುದಕ್ಕೆ ಪಂಚಾಯಿತಿ ವ್ಯವಸ್ಥೆಯಿಂದಲೇ ಒಂದು ಬಲವಾದ ಸಾಕ್ಷ್ಯವಿದೆ. ಸ್ಥಳೀಯ ಸಂಸ್ಥೆಗಳಲ್ಲಿ ಮಹಿಳಾ ಮೀಸಲಾತಿ ಬೇರೆಬೇರೆ ರಾಜ್ಯಗಳಲ್ಲಿ ಬೇರೆಬೇರೆ ವರ್ಷ ಜಾರಿಯಾಯಿತು. ಸಂವಿಧಾನದ 73ನೇ ತಿದ್ದುಪಡಿಗೂ ಮೊದಲೇ, 1987ರ ಚುನಾವಣೆಯಲ್ಲಿ, ಕರ್ನಾಟಕ ಆ ದಾರಿ ಹಿಡಿದಿತ್ತು. ಈ ವ್ಯತ್ಯಾಸವನ್ನು ಬಳಸಿಕೊಂಡು ಲಕ್ಷ್ಮಿ ಅಯ್ಯರ್, ಆನಂದಿ ಮಣಿ ಮತ್ತು ಸಂಗಡಿಗರು ನಡೆಸಿದ ಅಧ್ಯಯನ 2012ರಲ್ಲಿ ಪ್ರಕಟವಾಯಿತು. ಮೀಸಲಾತಿ ಬಂದ ಮೇಲೆ ಮಹಿಳೆಯರ ಮೇಲಿನ ಅಪರಾಧಗಳ ದಾಖಲೆ 46% ಏರಿತ್ತು. ಮೇಲ್ನೋಟಕ್ಕೆ ಇದು ಹೆಣ್ಣಿಗೆ ಅಧಿಕಾರ ಕೊಟ್ಟದ್ದಕ್ಕೆ ಸಮಾಜ ತೀರಿಸಿಕೊಂಡ ಸೇಡಿನಂತೆ ಕಾಣುತ್ತದೆ. ಆದರೆ ಸಾಕ್ಷ್ಯಗಳನ್ನು ತೂಗಿ ನೋಡಿದ ಸಂಶೋಧಕರಿಗೆ ಕಂಡದ್ದು ಬೇರೆ: ಹೆಚ್ಚಿದ್ದು ದೌರ್ಜನ್ಯಕ್ಕಿಂತ ಮಿಗಿಲಾಗಿ ದೂರು ಕೊಡುವ ಧೈರ್ಯ ಮತ್ತು ಬರೆದುಕೊಳ್ಳುವ ಠಾಣೆಯ ಸ್ಪಂದನ. ಊರಿನ ಅಧ್ಯಕ್ಷೆ ಹೆಣ್ಣಾದರೆ ಠಾಣೆಯ ಬಾಗಿಲು ಇನ್ನೊಬ್ಬ ಹೆಣ್ಣಿಗೆ ಸ್ವಲ್ಪ ಅಗಲವಾಗಿ ತೆರೆಯುತ್ತದೆ.

ಈ ಹಿನ್ನೆಲೆಯಲ್ಲಿ ರಾಜ್ಯಗಳನ್ನು ಸಾಲಾಗಿ ನಿಲ್ಲಿಸಿ ಅಂಕ ಕೊಡುವ ನಮ್ಮ ಚಟ ಎಷ್ಟು ಅಪಾಯಕಾರಿ ಎಂಬುದು ಸ್ಪಷ್ಟವಾಗುತ್ತದೆ. 2022ರಲ್ಲಿ ಉತ್ತರ ಪ್ರದೇಶದ ಐಪಿಸಿ ಅಪರಾಧ ಪ್ರಮಾಣ ಲಕ್ಷಕ್ಕೆ 171.6 ಇದ್ದರೆ ಕೇರಳದ್ದು ಅದರ ಮೂರು ಪಟ್ಟಿಗೂ ಹೆಚ್ಚು. ಕೊಲೆಯ ಪ್ರಮಾಣ ಮಾತ್ರ ಕೇರಳದಲ್ಲಿ ಉತ್ತರ ಪ್ರದೇಶಕ್ಕಿಂತ ಕಡಿಮೆ. ಸಣ್ಣಪುಟ್ಟ ತಕರಾರು, ಅಜಾಗರೂಕ ಚಾಲನೆಗೂ ಕೇಸು ದಾಖಲಿಸುವ, ದಾಖಲಿಸಿದ್ದಕ್ಕೆ ಬಹುಪಾಲು ಆರೋಪಪಟ್ಟಿ ಸಲ್ಲಿಸುವ ರಾಜ್ಯವೊಂದು ಪಟ್ಟಿಯಲ್ಲಿ ಅಪರಾಧಗಳ ತವರಿನಂತೆ ಕಾಣುತ್ತದೆ. ಇದನ್ನು ನೋಡುವ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿ ಏನು ಪಾಠ ಕಲಿಯುತ್ತಾರೆ? ಕೇಸು ಬರೆದರೆ ತಮ್ಮ ಜಿಲ್ಲೆಯ ಅಂಕಿ ಕೆಡುತ್ತದೆ, ಬರೆಯದಿದ್ದರೆ ಪ್ರಶಂಸೆ ಸಿಗುತ್ತದೆ ಎಂಬುದನ್ನೇ. ಮಾಸಿಕ ಅಪರಾಧ ಪರಿಶೀಲನಾ ಸಭೆಯಲ್ಲಿ ‘ನಿಮ್ಮ ಸರಹದ್ದಿನಲ್ಲಿ ಕಳವು ಯಾಕೆ ಹೆಚ್ಚಾಯಿತು’ ಎಂದು ಗದರಿಸಿಕೊಂಡ ಇನ್‌ಸ್ಪೆಕ್ಟರ್ ಮುಂದಿನ ತಿಂಗಳು ಕಳವನ್ನು ತಡೆಯುವುದಕ್ಕಿಂತ ಸುಲಭವಾದ ದಾರಿ ಹಿಡಿಯುತ್ತಾರೆ. ಅವರೊಬ್ಬರನ್ನೇ ದೂರಿ ಪ್ರಯೋಜನವಿಲ್ಲ. ದಾಖಲೆಯ ಏರಿಕೆಯನ್ನು ವೈಫಲ್ಯವೆಂದು ಓದುವ ನಾವೂ ಆ ಬಾಗಿಲನ್ನು ಮುಚ್ಚುತ್ತಿದ್ದೇವೆ.

ಸೈಬರ್ ಅಪರಾಧದಲ್ಲಿ ಈ ಅಂತರ ಕಣ್ಣಿಗೆ ರಾಚುವಷ್ಟಿದೆ. ಇಲ್ಲಿ ದೂರು ಬಂದದ್ದಕ್ಕೂ ಪ್ರಕರಣ ಆದದ್ದಕ್ಕೂ ಪ್ರತ್ಯೇಕ ಲೆಕ್ಕ ಸಿಗುತ್ತದೆ. 2023ರಲ್ಲಿ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ಗೆ ಬಂದ ದೂರುಗಳು 15,96,493. ಬ್ಯೂರೊದ ವರದಿಯಲ್ಲಿ ಆ ವರ್ಷ ದಾಖಲಾದ ಸೈಬರ್ ಪ್ರಕರಣಗಳು 86,420. ಹದಿನೆಂಟು ದೂರಿಗೆ ಒಂದು ಪ್ರಕರಣದ ಲೆಕ್ಕ. ಕೆಲವು ದೂರುಗಳು ಮತ್ತೆಮತ್ತೆ ಬಂದಿರಬಹುದು, ಹಲವು ದೂರುಗಳು ಸೇರಿ ಒಂದು ಎಫ್‌ಐಆರ್ ಆಗಿರಬಹುದು. ಅದನ್ನೆಲ್ಲ ಕಳೆದರೂ ಉಳಿಯುವ ಕಂದಕ ಸಣ್ಣದಲ್ಲ. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ ದೂರು ಕೊಡುವ ಮೊದಲೇ ನಾಚಿಕೆಯಿಂದ ಸುಮ್ಮನಾದವರು ಈ ಹದಿನಾರು ಲಕ್ಷದಲ್ಲೂ ಇಲ್ಲ. ಕರ್ನಾಟಕ 2023ರಲ್ಲಿ 21,889 ಸೈಬರ್ ಪ್ರಕರಣಗಳನ್ನು ದಾಖಲಿಸಿ ದೇಶಕ್ಕೇ ಮೊದಲಿನ ಸ್ಥಾನದಲ್ಲಿ ನಿಂತಿತು. ‘ಸೈಬರ್ ವಂಚಕರ ರಾಜಧಾನಿ ಬೆಂಗಳೂರು’ ಎಂಬ ಧಾಟಿಯ ಮಾತು ಎಲ್ಲೆಡೆ ಕೇಳಿತು. ಬೆಂಗಳೂರಿನಲ್ಲಿ ಆನ್‌ಲೈನ್ ವ್ಯವಹಾರ ಹೆಚ್ಚು, ವಂಚನೆಯೂ ಹೆಚ್ಚಿರಬಹುದು. ಆದರೆ ಜಿಲ್ಲೆಜಿಲ್ಲೆಗೂ ಸೆನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ) ಠಾಣೆಗಳನ್ನು ತೆರೆದ ರಾಜ್ಯ ಹೆಚ್ಚು ದಾಖಲಿಸಿತೋ, ಹೆಚ್ಚು ಮೋಸಹೋಯಿತೋ ಎಂಬುದನ್ನು ಈ ಅಂಕಿಯೊಂದರಿಂದ ಹೇಳಲಾಗದು. ಬಹುಶಃ ಎರಡೂ ಇದೆ, ಯಾವುದು ಎಷ್ಟು ಎಂಬುದೇ ತಿಳಿಯದು.

ಇದಕ್ಕೆ ಇರುವ ದಾರಿ ಒಂದೇ: ಠಾಣೆಯ ದಾಖಲೆ ಪುಸ್ತಕವನ್ನು ಕೇಳುವುದರ ಜೊತೆಗೆ ಜನರನ್ನೇ ಕೇಳುವುದು. ವೈಜ್ಞಾನಿಕವಾಗಿ ಆರಿಸಿದ ಮನೆಗಳಿಗೆ ಹೋಗಿ, ಕಳೆದ ಇಂತಿಷ್ಟು ತಿಂಗಳಲ್ಲಿ ನಿಮ್ಮ ಮನೆಯಲ್ಲಿ ಕಳವಾಯಿತೆ, ನಿಮ್ಮ ಮೇಲೆ ಯಾರಾದರೂ ಕೈ ಮಾಡಿದರೇ, ಹಣ ವಂಚಿಸಿದರೇ, ದೂರು ಕೊಟ್ಟಿರಾ, ಕೊಡದಿದ್ದರೆ ಯಾಕೆ ಎಂದು ವಿಚಾರಿಸುವ ಈ ಕ್ರಮಕ್ಕೆ ಸಂತ್ರಸ್ತರ ಸಮೀಕ್ಷೆ ಎನ್ನುತ್ತಾರೆ. ಅಮೆರಿಕ 1973ರಿಂದ, ಇಂಗ್ಲೆಂಡ್ ಮತ್ತು ವೇಲ್ಸ್ 1982ರಿಂದ ಇದನ್ನು ನಡೆಸುತ್ತ ಬಂದಿವೆ. ಇಂಗ್ಲೆಂಡಿನ ಅನುಭವ ನಮಗೆ ಕನ್ನಡಿ ಹಿಡಿದಂತಿದೆ. ಅಲ್ಲಿನ ಪೊಲೀಸ್ ಅಂಕಿಗಳು ನಂಬಲರ್ಹವಲ್ಲ ಎಂದು 2014ರ ಜನವರಿಯಲ್ಲಿ ಅವುಗಳ ಅಧಿಕೃತ ಮಾನ್ಯತೆಯನ್ನೇ ಹಿಂತೆಗೆದುಕೊಳ್ಳಲಾಯಿತು. ಅದೇ ವರ್ಷ ಪೊಲೀಸ್ ತನಿಖಾ ಮಂಡಳಿ ಕಡತಗಳನ್ನು ಪರಿಶೀಲಿಸಿ, ಠಾಣೆಗೆ ಬಂದ ಅಪರಾಧಗಳಲ್ಲಿ 19% ದಾಖಲಾಗುತ್ತಲೇ ಇಲ್ಲ, ವರ್ಷಕ್ಕೆ ಎಂಟು ಲಕ್ಷಕ್ಕೂ ಮೀರಿ ಹೀಗೆ ಜಾರಿಹೋಗುತ್ತಿವೆ ಎಂದು ಬಹಿರಂಗವಾಗಿ ಹೇಳಿತು. ಪೊಲೀಸರು ತಿದ್ದಿಕೊಂಡರು, ಹಿಂಸಾಚಾರದ ದಾಖಲೆಗಳು ಏರತೊಡಗಿದವು. ಆಗ ದೇಶ ಗಾಬರಿಯಾಗಬೇಕಾಗಿರಲಿಲ್ಲ. ಸಮೀಕ್ಷೆ ಅದೇ ಹೊತ್ತಿಗೆ ಬೇರೆ ಕಥೆ ಹೇಳುತ್ತಿತ್ತು: 1995ರಲ್ಲಿ ಎರಡು ಕೋಟಿಯ ಸಮೀಪವಿದ್ದ ಸಾಂಪ್ರದಾಯಿಕ ಅಪರಾಧಗಳು ಇಳಿಯುತ್ತ ಇಳಿಯುತ್ತ ಅರ್ಧಕ್ಕೂ ಕೆಳಗೆ ಬಂದಿದ್ದವು. ದಾಖಲೆ ಏರಿದ್ದು ಪೊಲೀಸರ ಪ್ರಾಮಾಣಿಕತೆಯಿಂದ ಎಂದು ಹೇಳಲು ಅವರ ಬಳಿ ಎರಡನೆಯ ತಕ್ಕಡಿ ಇತ್ತು. ನಮ್ಮ ಬಳಿ ಇಲ್ಲ.

ಪೂರ್ತಿ ಇಲ್ಲ ಎನ್ನುವುದೂ ತಪ್ಪು. ಒಂದು ಅಪರಾಧದ ಮಟ್ಟಿಗೆ ನಾವು ಆಗಲೇ ಮನೆಮನೆಗೆ ಹೋಗಿ ಕೇಳುತ್ತಿದ್ದೇವೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯು ಆರಿಸಿದ ಮನೆಗಳಲ್ಲಿ ಒಬ್ಬ ಹೆಣ್ಣುಮಗಳನ್ನು ಏಕಾಂತದಲ್ಲಿ ಕೂರಿಸಿಕೊಂಡು ಗಂಡನಿಂದಾದ ಹಿಂಸೆಯ ಬಗ್ಗೆ ವಿಚಾರಿಸುತ್ತದೆ. 2019–21ರ ಸುತ್ತಿನಲ್ಲಿ 18ರಿಂದ 49ರ ವಯಸ್ಸಿನ ವಿವಾಹಿತೆಯರ ಪೈಕಿ 29.3% ಮಂದಿ ಅಂಥ ಹಿಂಸೆ ಅನುಭವಿಸಿದ್ದಾಗಿ ಹೇಳಿದರು. ಅಂದರೆ ಕೋಟಿಗಟ್ಟಲೆ ಹೆಣ್ಣುಮಕ್ಕಳು. ಹಿಂಸೆಗೊಳಗಾದವರಲ್ಲಿ ಯಾರಿಂದಲಾದರೂ ನೆರವು ಕೋರಿದವರು ಕೇವಲ 14%. ಪೊಲೀಸ್ ಪುಸ್ತಕದಲ್ಲಿ, ಗಂಡ ಮತ್ತು ಅವನ ಕಡೆಯವರ ಕ್ರೌರ್ಯದ ಕಲಮಿನಡಿ 2022ರಲ್ಲಿ ಇದ್ದ ಪ್ರಕರಣಗಳು 1,40,019. ಸಮೀಕ್ಷೆಯದ್ದು ಬದುಕಿನುದ್ದದ ಲೆಕ್ಕ, ಠಾಣೆಯದ್ದು ಒಂದು ವರ್ಷದ್ದು, ನಿಜ. ಆ ರಿಯಾಯಿತಿ ಕೊಟ್ಟ ಮೇಲೂ ಕೋಟಿಗೂ ಲಕ್ಷಕ್ಕೂ ನಡುವಿನ ಮೌನ ಕಿವಿಗಪ್ಪಳಿಸುವಂಥದ್ದು. ಕನ್ನಡಿಗರು ಓದಲೇಬೇಕಾದ ಅಂಕಿಯೂ ಇದೇ ಸಮೀಕ್ಷೆಯಲ್ಲಿದೆ. 2015–16ರಲ್ಲಿ ಕರ್ನಾಟಕದ 20.6% ವಿವಾಹಿತೆಯರು ಗಂಡನ ಹಿಂಸೆಯನ್ನು ಹೇಳಿಕೊಂಡಿದ್ದರೆ, ಮುಂದಿನ ಸುತ್ತಿನಲ್ಲಿ ಅದು 44.4% ಆಯಿತು. ಇಲ್ಲಿನ ಸಮೀಕ್ಷೆ ಕೋವಿಡ್‌ಗೆ ಮುನ್ನವೇ ಮುಗಿದಿತ್ತು, ಆದ್ದರಿಂದ ಲಾಕ್‌ಡೌನ್ ಇದಕ್ಕೆ ಕಾರಣವಲ್ಲ. ನಾಲ್ಕು ವರ್ಷದಲ್ಲಿ ಹಿಂಸೆ ಇಮ್ಮಡಿಯಾಯಿತು ಎನ್ನುವುದಕ್ಕಿಂತ, ಕೇಳಿದ ರೀತಿ ಮತ್ತು ಹೇಳಿಕೊಳ್ಳುವ ಮನಸ್ಸು ಬದಲಾದದ್ದೂ ಇದರಲ್ಲಿ ಸೇರಿರಬಹುದು. ಏನೇ ಇರಲಿ, ಪೊಲೀಸ್ ಪುಸ್ತಕ ಇಂಥದೊಂದು ಪ್ರಶ್ನೆಯನ್ನು ಎತ್ತಲಾರದೇ ಹೋಗಿತ್ತು.

ಆಕ್ಷೇಪಗಳು ಬರುತ್ತವೆ, ಬರಬೇಕು. ಮೊದಲನೆಯದು, ಜನರ ನೆನಪು ಮೋಸ ಮಾಡುತ್ತದೆ, ಅಪರಿಚಿತರ ಮುಂದೆ ಯಾರು ನಿಜ ಹೇಳುತ್ತಾರೆ ಎಂಬುದು. ಎರಡು ವರ್ಷದ ಹಿಂದಿನ ಸರಗಳ್ಳತನವನ್ನು ಹೋದ ವರ್ಷದ್ದೆಂದು ಹೇಳುವುದು ಮನುಷ್ಯ ಸಹಜ. ಅದಕ್ಕೇ ಅಮೆರಿಕದಲ್ಲಿ ಆಯ್ದ ಮನೆಗಳನ್ನು ಆರು ತಿಂಗಳಿಗೊಮ್ಮೆ ಮತ್ತೆಮತ್ತೆ ಸಂದರ್ಶಿಸಿ, ಹಿಂದಿನ ಭೇಟಿಯನ್ನೇ ಗಡಿಯಾಗಿ ಇಟ್ಟುಕೊಳ್ಳುತ್ತಾರೆ. ಸಮೀಕ್ಷೆಗೆ ಮಿತಿಗಳೂ ಇವೆ. ಸತ್ತವರನ್ನು ಕೇಳಲಾಗದು, ಬೀದಿಯಲ್ಲಿ ಮಲಗುವವರು ಮನೆಗಳ ಪಟ್ಟಿಯಲ್ಲಿರುವುದಿಲ್ಲ, ಮಕ್ಕಳು ದನಿಯಿಲ್ಲದೆ ಉಳಿಯುತ್ತಾರೆ. ಎರಡು ಅಳತೆಗಳು ಒಮ್ಮೊಮ್ಮೆ ಜಗಳಕ್ಕೂ ಬೀಳುತ್ತವೆ. 2022ರಲ್ಲಿ ಅಮೆರಿಕದ ಪೊಲೀಸ್ ಅಂಕಿ ಮೊದಲಿಗೆ ಹಿಂಸಾಪರಾಧ ಇಳಿಯಿತು ಎಂದರೆ, ಸಮೀಕ್ಷೆ ಸಾವಿರಕ್ಕೆ 16.5ರಿಂದ 23.5ಕ್ಕೆ ಏರಿತು ಎಂದಿತು. ಆದರೆ ಈ ಜಗಳವೇ ಉಪಕಾರಿ. ಎರಡು ಗಡಿಯಾರ ಬೇರೆಬೇರೆ ಹೊತ್ತು ತೋರಿಸಿದಾಗ ಒಂದನ್ನಾದರೂ ಬಿಚ್ಚಿ ನೋಡಬೇಕೆನ್ನಿಸುತ್ತದೆ. ಒಂದೇ ಗಡಿಯಾರವಿರುವ ಮನೆಯಲ್ಲಿ ಅದು ತಪ್ಪಿ ನಡೆದರೂ ಗೊತ್ತಾಗುವುದಿಲ್ಲ.

ಎರಡನೆಯ ಆಕ್ಷೇಪ ಸುಳ್ಳು ಕೇಸುಗಳದ್ದು. ದಾಖಲೆ ಕಡಿಮೆಯಲ್ಲ, ಹೆಚ್ಚೇ ಆಗುತ್ತಿದೆ, ಆಸ್ತಿ ಜಗಳಕ್ಕೂ ದಾಂಪತ್ಯದ ಮುನಿಸಿಗೂ ಕ್ರಿಮಿನಲ್ ಕಲಮು ಹಾಕಿಸುತ್ತಾರೆ ಎಂದು ಹಲವರು ವಾದಿಸುತ್ತಾರೆ. ಅಂಥ ಕೇಸುಗಳಿವೆ, ಅವುಗಳಿಂದ ನೊಂದವರೂ ಇದ್ದಾರೆ. ಆದರೆ ದಾಖಲೆಯಲ್ಲಿ ಜೊಳ್ಳೂ ಇದೆ, ಹೊರಗುಳಿದ ಕಾಳೂ ಇದೆ ಎಂದ ಮೇಲೆ ಈ ವಾದ ಸಮೀಕ್ಷೆಯ ಅಗತ್ಯವನ್ನು ಇನ್ನಷ್ಟು ಗಟ್ಟಿ ಮಾಡುತ್ತದೆ. ಮೂರನೆಯದು ಎಲ್ಲಕ್ಕಿಂತ ತೂಕದ್ದು. ಏರಿಕೆಯನ್ನು ಒಳ್ಳೆಯ ಸುದ್ದಿ ಎಂದು ಓದಲು ಕಲಿಸಿದರೆ, ನಾಳೆ ನಿಜವಾಗಿಯೂ ಅಪರಾಧ ಹೆಚ್ಚಾದಾಗ ಪ್ರತಿಯೊಂದು ಸರ್ಕಾರವೂ ‘ಜನರಿಗೆ ನಮ್ಮ ಮೇಲೆ ವಿಶ್ವಾಸ ಹೆಚ್ಚಿದೆ’ ಎಂದು ಜಾರಿಕೊಳ್ಳುವುದಿಲ್ಲವೆ? ಜಾರಿಕೊಳ್ಳುತ್ತದೆ. ಈಗಲೂ ಜಾರಿಕೊಳ್ಳುತ್ತಿದೆ. ಇಳಿದಾಗ ಸಾಧನೆ, ಏರಿದಾಗ ವಿಶ್ವಾಸ ಎಂಬ ಉತ್ತರ ಎರಡು ಕಡೆಗೂ ಸಲ್ಲುತ್ತಿರುವುದು ಅದನ್ನು ಪರೀಕ್ಷಿಸುವ ಸ್ವತಂತ್ರ ಅಳತೆ ಇಲ್ಲದಿರುವುದರಿಂದ. ಸಮೀಕ್ಷೆ ಇದ್ದರೆ ಕೇಳಬಹುದು: ನೊಂದವರಲ್ಲಿ ದೂರು ಕೊಟ್ಟವರ ಪಾಲು ಹೆಚ್ಚಿತೆ? ಹೆಚ್ಚಿದ್ದರೆ ವಿಶ್ವಾಸದ ಮಾತು ನಿಜ. ಇಲ್ಲದಿದ್ದರೆ ಆ ಮಾತು ಅಲ್ಲೇ ಬೀಳುತ್ತದೆ.

ಇದನ್ನು ಮಾಡುವ ಶಕ್ತಿ ನಮಗಿಲ್ಲವೆನ್ನಲಾಗದು. ಪಿ.ಸಿ. ಮಹಲನೋಬಿಸ್ ಅವರ ಮುಂದಾಳತ್ವದಲ್ಲಿ 1950ರಲ್ಲೇ ರಾಷ್ಟ್ರೀಯ ಮಾದರಿ ಸಮೀಕ್ಷೆ ಕಟ್ಟಿ ಜಗತ್ತಿಗೆ ಮಾದರಿಯಾದ ದೇಶವಿದು. ಉದ್ಯೋಗವನ್ನೂ ಅಡುಗೆಮನೆಯ ಖರ್ಚನ್ನೂ ಮನೆಮನೆಗೆ ಹೋಗಿ ಕೇಳುವ ಕ್ಷೇತ್ರ ಸಿಬ್ಬಂದಿ ಈಗಾಗಲೇ ಇದ್ದಾರೆ. ಬಿಡಿಬಿಡಿ ಪ್ರಯತ್ನಗಳೂ ನಡೆದಿವೆ. ರಾಜಸ್ಥಾನದಲ್ಲಿ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೋ ಮತ್ತು ಸಂಗಡಿಗರು ಅಲ್ಲಿನ ಪೊಲೀಸರೊಂದಿಗೆ ಸೇರಿ ನಡೆಸಿದ ಅಧ್ಯಯನದಲ್ಲಿ, ಅಪರಾಧಕ್ಕೆ ತುತ್ತಾದವರಲ್ಲಿ ಹತ್ತಕ್ಕೆ ಸುಮಾರು ಮೂವರಷ್ಟೇ ಠಾಣೆಗೆ ಹೋಗಿದ್ದರು. ಬೆಂಗಳೂರು ಸೇರಿ ನಾಲ್ಕು ಮಹಾನಗರಗಳಲ್ಲಿ ಐಡಿಎಫ್‌ಸಿ ಇನ್‌ಸ್ಟಿಟ್ಯೂಟ್ ನಡೆಸಿದ ಸಮೀಕ್ಷೆಯಲ್ಲಿ ಕಳವಿಗೆ ಎಫ್‌ಐಆರ್ ಮಾಡಿಸಿದವರು ಹತ್ತರಲ್ಲಿ ಒಬ್ಬರೂ ಇರಲಿಲ್ಲ. ಬೇಕಿರುವುದು ಇವನ್ನು ರಾಷ್ಟ್ರಮಟ್ಟದಲ್ಲಿ, ನಿಯಮಿತವಾಗಿ, ಪೊಲೀಸ್ ಇಲಾಖೆಗೆ ಸೇರದ ಸಾಂಖ್ಯಿಕ ಸಂಸ್ಥೆಯೊಂದು ನಡೆಸುವುದು. ಈಗಲೇ ಶುರುಮಾಡಬೇಕಾದ ತುರ್ತು ಕಾರಣವೂ ಇದೆ. 2024ರ ಜುಲೈ 1ರಿಂದ ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಕಲಮುಗಳು ಬದಲಾಗಿವೆ, ಸರಗಳ್ಳತನದಂಥ ಕೃತ್ಯಗಳಿಗೆ ಹೊಸ ಹೆಸರು ಬಂದಿದೆ. ಆನ್‌ಲೈನ್‌ನಲ್ಲಿ ದೂರು ಕೊಡಬಹುದು, ಯಾವ ಠಾಣೆಯಲ್ಲಾದರೂ ಕೊಡಬಹುದು. ಆದರೆ ಮೂರರಿಂದ ಏಳು ವರ್ಷದೊಳಗಿನ ಶಿಕ್ಷೆಯ ಅಪರಾಧಗಳಿಗೆ ಎಫ್‌ಐಆರ್‌ಗೂ ಮುನ್ನ ಪ್ರಾಥಮಿಕ ವಿಚಾರಣೆಯ ಅವಕಾಶವೂ ಇದೆ. ಒಂದು ಬದಲಾವಣೆ ಬಾಗಿಲು ತೆರೆಯುತ್ತದೆ, ಇನ್ನೊಂದು ಅದಕ್ಕೆ ಚಿಲಕ ಹಾಕಬಹುದು. 1953ರಿಂದ ಬಂದ ಸರಣಿ ಇಲ್ಲಿ ತುಂಡಾಗಲಿದೆ. ಮುಂದಿನ ವರ್ಷಗಳ ಅಂಕಿ ಏರಿದರೂ ಇಳಿದರೂ ಅದರ ಅರ್ಥವೇನೆಂದು ಯಾರೂ ಖಚಿತವಾಗಿ ಹೇಳಲಾರರು.

ಪರ್ಸು ಕಳೆದುಕೊಂಡ ಕೂಲಿಕಾರ್ಮಿಕ, ನಿವೃತ್ತಿಯ ಹಣವನ್ನು ಫೋನಿನಲ್ಲಿ ಕಳೆದುಕೊಂಡ ಮೇಷ್ಟ್ರು, ಗಂಡನ ಏಟು ತಿಂದು ಮರುದಿನ ಬೆಳಿಗ್ಗೆ ಎದ್ದು ರಂಗೋಲಿ ಹಾಕುವ ಹೆಂಗಸು, ಇವರಾರೂ ಆ ಅರವತ್ತೆರಡು ಲಕ್ಷದ ಸಂಖ್ಯೆಯಲ್ಲಿ ಇಲ್ಲ. ಅವರ ಪಾಲಿಗೆ ಅಪರಾಧ ಏರಿಯೂ ಇಲ್ಲ, ಇಳಿದೂ ಇಲ್ಲ, ನಡೆದಿದೆ, ಅಷ್ಟೆ. ಅವರು ಠಾಣೆಯ ಮೆಟ್ಟಿಲು ಹತ್ತಲಿಲ್ಲ ಎಂಬ ಕಾರಣಕ್ಕೆ ದೇಶದ ಲೆಕ್ಕ ಅವರ ಮನೆಯ ಮೆಟ್ಟಿಲು ಹತ್ತದೇ ಉಳಿಯಬಾರದು.